ಅಡವಿಯ ಅನ್ನವೂ ಪ್ರಸಾದವೆ?

ಹಸಿವಿಗೆ ನೀತಿಯುಂಟೆ ಎಂಬುದು ಹಳೆಯ ಪ್ರಶ್ನೆ. ಕಣಜ ತುಂಬಿದ ಮನೆಯಲ್ಲಿ ಕುಳಿತು ಸಂಯಮವನ್ನು ಬೋಧಿಸುವುದು ಸುಲಭ. ಒಲೆ ಆರಿದ ಮನೆಯವನು ಅಡವಿಗೆ ಹೋಗಿ ಗೆಡ್ಡೆಯನ್ನು ಅಗೆಯುವಾಗ ಶರಣಧರ್ಮವು ಅವನಿಗೆ ಏನು ಹೇಳುತ್ತದೆ?

ಅಂಕೋಲೆಯ ಭಾವಿಕೇರಿಯ ಕಡೆಯ ಕರಾವಳಿಯಲ್ಲಿ, ಮಳೆಗಾಲದ ಕೊರತೆಯ ದಿನಗಳಲ್ಲಿ ನೆಲವೇ ಬಡವರ ಉಗ್ರಾಣವಾಗಿದ್ದಿತು. ಮೊದಲ ಮಳೆಗೆ ಚಿಗುರುವ ಚೊಗಟೆಸೊಪ್ಪು, ಕೆಸುವಿನ ಎಲೆ, ಕಾಯ್ದಿಟ್ಟ ಹಲಸಿನ ಬೀಜ, ಕಾಡುಗೆಣಸು ಗಂಜಿಗೆ ನೆರವಾಗುತ್ತಿದ್ದವು. ಸೊಪ್ಪು ದೇಹಕ್ಕೆ ಲವಣ ಜೀವಸತ್ತ್ವಗಳನ್ನು ಕೊಡುವುದಾದರೂ ದುಡಿಯುವ ಬಲವನ್ನು ಕೊಡಲಾರದು. ಅದಕ್ಕೆ ಬೀಜವೋ ಗೆಡ್ಡೆಯೋ ಬೇಕು. ಕೆಸುವನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುವುದು. ಕೆಲವು ಕಹಿಗೆಣಸುಗಳನ್ನು ಹೆಚ್ಚಿ, ಬೇಯಿಸಿ, ಹರಿಯುವ ನೀರಿನಲ್ಲಿ ನೆನೆಯಿಡದಿದ್ದರೆ ಅವು ವಿಷವೇ ಸರಿ. ಆದುದರಿಂದ ಅಡವಿಯ ಅನ್ನಕ್ಕೆ ಮೊದಲು ಬೇಕಾದುದು ಅರಿವು.

ಎರಡನೆಯದು ಮಿತಿ. ಇದೇ ಜಿಲ್ಲೆಯ ಸೂಪಾ ಕಾಡುಗಳಲ್ಲಿ ೧೮೬೪ರಲ್ಲಿ ಬಿದಿರು ಒಮ್ಮೆಗೇ ಹೂಬಿಟ್ಟಿತು. ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಅಂದಾಜು ೫೦,೦೦೦ ಜನ ಬಂದು, ಗುಂಪುಗುಂಪಾಗಿ ಹತ್ತು ಹದಿನಾಲ್ಕು ದಿನ ತಂಗಿ, ಮಳೆಗಾಲದ ಊಟಕ್ಕಾಗುವಷ್ಟು ಬಿದಿರಕ್ಕಿಯನ್ನು ಒಯ್ದರು. ಮಾರಾಟಕ್ಕೆಂದು ಒಯ್ದುದೂ ಉಂಟು. ಬಿದಿರಕ್ಕಿ ಹೊಟ್ಟೆ ತುಂಬಿಸುವ ಧಾನ್ಯವೇ. ಆದರೆ ಈ ಬಿದಿರು ಹೂಬಿಡುವುದು ಹಲವು ದಶಕಗಳಿಗೊಮ್ಮೆ. ಹೂಬಿಟ್ಟ ಮೆಳೆ ಸಾಯುತ್ತದೆ. ನೆಲಕ್ಕುದುರಿದ ಅಕ್ಕಿಯೇ ಮುಂದಿನ ಮೆಳೆ. ಹಸಿದವರು ಅದನ್ನು ಆಯ್ದುದು ತಪ್ಪೆಂದು ಯಾವ ಧರ್ಮವೂ ಹೇಳದು. ಹಾಗಾದರೆ ಎಲ್ಲಿಗೆ ನಿಲ್ಲಬೇಕು?

ಇಲ್ಲಿ ಆಯ್ದಕ್ಕಿ ಮಾರಯ್ಯನವರ ಕಥೆ ನೆನಪಾಗಬೇಕು. ಚೆಲ್ಲಿದ ಅಕ್ಕಿಯನ್ನು ಆಯುವುದೇ ಅವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಅವರು ಸಿರಿವಂತರಾಗಿರಲಿಲ್ಲ; ಬಡತನವನ್ನು ಮುಂದೊಡ್ಡಿ ಹೆಚ್ಚಿನದನ್ನು ಉಳಿಸಿಕೊಳ್ಳಬಹುದಾಗಿದ್ದಿತು. ಆದರೆ ಆ ತಾಯಿ ನೋಡಿದುದು ತಮ್ಮ ಕೊರತೆಯನ್ನಲ್ಲ, ತಮ್ಮ ಪಾಲನ್ನು. ಇಂದಿನ ಹಸಿವಿಗೆ ಬೇಕಾದಷ್ಟನ್ನು ತೆಗೆದುಕೊಳ್ಳುವುದು ಹಕ್ಕು; ನಾಳೆ ಬರುವವನ ಪಾಲನ್ನೂ ಮರುಹುಟ್ಟಿನ ಬೀಜವನ್ನೂ ತೆಗೆದುಕೊಳ್ಳುವುದು ಆಶೆ.

ಮೂರನೆಯದು ಹಿಂದಿರುಗಿಸುವಿಕೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು, ೨೦೨೪ರಲ್ಲಿ ತೀರಿಕೊಂಡವರು, ಅಡವಿಯಲ್ಲಿ ಬೀಜಗಳನ್ನು ಆಯ್ದುದು ಸಸಿಗಳನ್ನು ಬೆಳೆಸಲೆಂದು. ೨೦೨೦ನೆಯ ವರ್ಷದ ಪದ್ಮಶ್ರೀ ಅವರನ್ನು ಅರಸಿ ಬಂದಿತು. ಅಕ್ಷರ ಕಲಿಯದ ಆ ತಾಯಿಯ ಕಾಯಕದಲ್ಲಿ ದಾಸೋಹದ ಅರ್ಥ ಕಣ್ಣಿಗೆ ಕಾಣುತ್ತದೆ.

ಅರಿತು ಆಯ್ದು, ಬೇಕಾದಷ್ಟನ್ನೇ ಕೊಂಡು, ನೆಲಕ್ಕೆ ಬೀಜವನ್ನು ಬಿಟ್ಟು ಬಂದರೆ ಅಡವಿಯ ಅನ್ನವೂ ಪ್ರಸಾದವೇ. ಹಿತ್ತಲಿನ ಸೊಪ್ಪನ್ನು ಕೊಯ್ಯುವಾಗ ಬೇರನ್ನು ಕೀಳದಿರುವ ಗೃಹಿಣಿಯು ಈ ಪಾಠವನ್ನು ನಿತ್ಯವೂ ಆಚರಿಸುತ್ತಿರುವಳು.