ಕೊಂಡ ಅನ್ನದ ಋಣ

ಉಂಡ ಮನೆಯ ಋಣವನ್ನು ಮರೆಯಬಾರದೆಂಬ ಮಾತು ನಮ್ಮ ನಾಡಿನಲ್ಲಿ ಸಣ್ಣ ಮಕ್ಕಳಿಗೂ ತಿಳಿದದ್ದು. ತಾಯಿಯು ಇಕ್ಕಿದ ತುತ್ತು, ಬೀಗರ ಮನೆಯ ಔತಣ, ಮಠದ ಪ್ರಸಾದ ಇವೆಲ್ಲಕ್ಕೂ ಋಣವುಂಟು. ಆದರೆ ಹಣ ತೆತ್ತು ಖಾನಾವಳಿಯಲ್ಲಿ ಉಂಡ ಅನ್ನಕ್ಕೆ ಋಣವುಂಟೆ? ಲೋಕವ್ಯವಹಾರವು ಇಲ್ಲವೆನ್ನುತ್ತದೆ. ತಾಟು ಬಂತು, ಹಣ ಹೋಯಿತು. ಲೆಕ್ಕ ಚುಕ್ತಾ ಆಯಿತು. ಆದರೆ ದೇಶಾಂತರ ಹೋಗಿ ಬಂದವರ ಅನುಭವವು ಈ ಲೆಕ್ಕಕ್ಕೆ ಹೊಂದುವದಿಲ್ಲ. ಬಂಧುಬಾಂಧವರ ಮನೆಯ ಎಷ್ಟೋ ಹಬ್ಬದೂಟಗಳನ್ನು ಮರೆತವರು ಪರದೇಶದ ಯಾವದೋ ಬೀದಿಯಲ್ಲಿ ದುಡ್ಡು ಕೊಟ್ಟು ಉಂಡ ಒಂದೇ ಒಂದು ಊಟವನ್ನು ಮುಪ್ಪಿನ ವರೆಗೂ ನೆನೆಯುತ್ತಾರೆ. ಆ ನೆನಪಿನಲ್ಲಿ ರುಚಿಗಿಂತ ಕೃತಜ್ಞತೆಯೇ ಹೆಚ್ಚಾಗಿರುತ್ತದೆ. ಲೆಕ್ಕವು ಚುಕ್ತಾ ಆಗಿದ್ದರೆ ಈ ಕೃತಜ್ಞತೆಯು ಎಲ್ಲಿಂದ ಬಂತು? ಇದನ್ನು ಸ್ವಲ್ಪ ವಿಚಾರಿಸುವದು ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಅನ್ನವಿಕ್ರಯವನ್ನು ನಮ್ಮ ಪ್ರಾಚೀನರು ಮೆಚ್ಚಲಿಲ್ಲ. ಆಪತ್ಕಾಲದಲ್ಲಿ ವ್ಯಾಪಾರವನ್ನು ಹಿಡಿದ ಬ್ರಾಹ್ಮಣನು ಮಾರಬಾರದ ಪದಾರ್ಥಗಳ ಸಾಲಿನಲ್ಲಿ ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಪಕ್ವಾನ್ನವನ್ನೂ ಸೇರಿಸಿದೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮಹರ್ಷಿಯು ಧರ್ಮರಾಜನಿಗೆ ಕಲಿಯುಗದ ಲಕ್ಷಣಗಳನ್ನು ಹೇಳುವಾಗ, ದೇಶದೇಶಗಳಲ್ಲಿ ಅನ್ನವು ಮಾರಾಟದ ವಸ್ತುವಾಗುವದೆಂಬ ಅರ್ಥದ ಮಾತನ್ನು ಟೀಕಾಕಾರರು ಎತ್ತಿ ತೋರಿಸುತ್ತಾರೆ. ಈ ನಿಷೇಧವು ಕೇವಲ ಮಡಿವಂತಿಕೆಯಲ್ಲ. ಬಟ್ಟೆಯನ್ನು ಕೊಳ್ಳುವವನು ಬೆಲೆ ಹೆಚ್ಚಾದರೆ ಎದ್ದು ಹೋಗಬಹುದು. ಹಸಿದವನು ಎದ್ದು ಹೋಗಲಾರನು. ಯಾವ ಗಿರಾಕಿಗೆ ಬೇಡವೆನ್ನುವ ಶಕ್ತಿಯಿಲ್ಲವೋ ಅವನೊಡನೆ ಚೌಕಾಶಿ ಮಾಡುವದು ವ್ಯಾಪಾರವಲ್ಲ, ಬಲಾತ್ಕಾರ. ಆದುದರಿಂದಲೇ ನಮ್ಮ ಹಿರಿಯರು ಪ್ರಯಾಣಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಂಡರು. ಬುತ್ತಿ ತೀರಿದಲ್ಲಿ ಛತ್ರವನ್ನೋ ಮಠವನ್ನೋ ಹುಡುಕಿದರು. ಹಣ ತೆತ್ತು ಉಣ್ಣುವದು ಅವರಿಗೆ ದೈನ್ಯವೆಂದು ತೋರುತ್ತಿತ್ತು.

ಈ ಪಕ್ಷವು ಬಲವಾದದ್ದು. ಆದರೂ ಇದಕ್ಕೆ ಎದುರಾಗಿ ಒಂದು ಊಟದ ಕಥೆಯಿದೆ, ಅದು ಸುಪ್ರಸಿದ್ಧವಾದದ್ದು. 1888ನೆಯ ಇಸವಿಯ ಸೆಪ್ಟೆಂಬರ 4ರಂದು ಮೋಹನದಾಸ ಗಾಂಧಿಯವರು ಮುಂಬಯಿಯಿಂದ ವಿಲಾಯತಿಗೆ ಹಡಗು ಹತ್ತಿದರು. ಅದಕ್ಕೂ ಮೊದಲು ಅವರ ಜಾತಿಯ ಸಭೆಯು ಸಮುದ್ರಯಾನಕ್ಕಾಗಿ ಅವರನ್ನು ಬಹಿಷ್ಕರಿಸಿ, ಅವರಿಗೆ ನೆರವಾದವರಿಗೂ ಬೀಳ್ಕೊಡಲು ಬಂದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವನ್ನು ಸಾರಿತ್ತು. ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವದಿಲ್ಲವೆಂದು ತಾಯಿಯ ಮುಂದೆ ಮಾಡಿದ ಪ್ರತಿಜ್ಞೆಯೊಂದೇ ಅವರ ಬುತ್ತಿ. ಲಂಡನ್ನಿನಲ್ಲಿ ಉಪ್ಪು ಕಾರವಿಲ್ಲದ ಬೇಯಿಸಿದ ಕಾಯಿಪಲ್ಲೆ ಗಂಟಲಲ್ಲಿ ಇಳಿಯದು. ಇಳಿದರೂ ಮನೆಯೊಡತಿಯನ್ನು ಇನ್ನಷ್ಟು ಕೇಳಲು ಸಂಕೋಚ. 19 ವರ್ಷದ ಆ ತರುಣನು ದಿನಾಲು ಹತ್ತು ಹನ್ನೆರಡು ಮೈಲು ನಡೆದು, ಅಗ್ಗದ ಅಂಗಡಿಗಳಲ್ಲಿ ಡಬಲ್ ರೊಟ್ಟಿಯಿಂದ ಹೊಟ್ಟೆ ತುಂಬಿಕೊಂಡರೂ ತೃಪ್ತಿಯಿಲ್ಲದೆ ತಿರುಗುತ್ತಿದ್ದನು. ಹೀಗೆ ತಿರುಗುತ್ತಿರುವಾಗ ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಒಂದು ಭೋಜನಗೃಹವು ಕಣ್ಣಿಗೆ ಬಿತ್ತು. ಬಾಗಿಲ ಬಳಿ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟನು ಶಾಕಾಹಾರವನ್ನು ಸಮರ್ಥಿಸಿ ಬರೆದ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಅವರು ನೆಟ್ಟಗೆ ಊಟದ ಕೋಣೆಗೆ ಹೋದರು. ವಿಲಾಯತಿಗೆ ಬಂದ ಮೇಲೆ ತಾನು ಮನಸಾರೆ ಉಂಡ ಮೊದಲನೆಯ ಊಟ ಅದೇ ಎಂದೂ, ದೇವರೇ ತನ್ನ ಸಹಾಯಕ್ಕೆ ಬಂದನೆಂದೂ ಅವರು ಮುಂದೆ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ವಾಚಕರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು: ಆ ಅನ್ನವು ಕ್ರೀತಾನ್ನ, ಅಂದರೆ ಕೊಂಡ ಅನ್ನ. ಅದನ್ನು ಬಡಿಸಿದವರು ಇವರ ಕುಲವನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಸ್ವಜಾತಿಯ ಪಂಕ್ತಿಯಿಂದ ಹೊರಗಾದವನಿಗೆ ಪರಕೀಯರ ಮೇಜಿನಲ್ಲಿ ಸ್ಥಳ ದೊರೆಯಿತು. ಎರಡನೆಯದು: ಅಲ್ಲಿಯ ವರೆಗೆ ಅವರು ಮಾಂಸವನ್ನು ಬಿಟ್ಟದ್ದು ಪ್ರತಿಜ್ಞೆಗಾಗಿ, ಸತ್ಯಕ್ಕಾಗಿ, ಮನಸ್ಸಿನೊಳಗೆ ಭಾರತೀಯರೆಲ್ಲರೂ ಮಾಂಸಾಹಾರಿಗಳಾಗಲೆಂಬ ಅಭಿಪ್ರಾಯವೇ ಇತ್ತು. ಆ ಪುಸ್ತಕವನ್ನು ಓದಿದ ಮೇಲೆ ಶಾಕಾಹಾರವನ್ನು ಅವರು ಸ್ವಬುದ್ಧಿಯಿಂದ ಆರಿಸಿಕೊಂಡರು. ಮನೆಯಲ್ಲಿ ಕೇವಲ ಆಚಾರವಾಗಿದ್ದದ್ದು ಪರದೇಶದಲ್ಲಿ ವಿಚಾರವಾಯಿತು. ಮನೆಯ ತಾಟಿನಲ್ಲಿ ಏನನ್ನೂ ಆರಿಸಿಕೊಳ್ಳಬೇಕಾಗಿಲ್ಲವಾದ್ದರಿಂದ ನಾವು ನಮ್ಮ ಅನ್ನದ ವಿಷಯದಲ್ಲಿ ವಿಚಾರ ಮಾಡುವದೇ ಇಲ್ಲ. ಪರದೇಶದಲ್ಲಿ ಮಾತ್ರ ಪ್ರತಿಯೊಂದು ತುತ್ತಿಗೂ ‘ಇದು ನನಗೆ ಸಲ್ಲುವದೆ?’ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಉಪನಿಷತ್ತಿನ ಕಾಲದಲ್ಲಿಯೇ ಒಬ್ಬನು ಉತ್ತರ ಕೊಟ್ಟಿದ್ದಾನೆ. ಛಾಂದೋಗ್ಯದ ಮೊದಲನೆಯ ಅಧ್ಯಾಯದಲ್ಲಿ ಉಷಸ್ತಿ ಚಾಕ್ರಾಯಣನ ಕಥೆಯಿದೆ. ಕುರುದೇಶದ ಬೆಳೆ ಹಾಳಾಗಿ, ಅವನು ಹೆಂಡತಿಯೊಡನೆ ಅನ್ಯಗ್ರಾಮದಲ್ಲಿ ದೈನ್ಯದಿಂದ ವಾಸಿಸುತ್ತಿದ್ದನು. ನಮ್ಮ ಕಡೆಯ ಮಾತಿನಲ್ಲಿ ಹೇಳುವದಾದರೆ ಗುಳೆ ಹೋಗಿದ್ದನು. ಅಲ್ಲಿ ಉದ್ದು ತಿನ್ನುತ್ತಿದ್ದ ಒಬ್ಬ ಆನೆಯವನನ್ನು ಬೇಡಿ, ಅವನು ತಿಂದು ಉಳಿಸಿದ್ದನ್ನೇ ತಿಂದನು. ಆದರೆ ಆತನು ನೀರು ಕೊಡಬಂದಾಗ, ಅದು ಎಂಜಲೆಂದು ಒಲ್ಲೆನೆಂದನು. ಉದ್ದು ಎಂಜಲಲ್ಲವೆ ಎಂದು ಕೇಳಿದರೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುವದು ಎಂದು ಉತ್ತರಿಸಿದನು. ನಿಯಮವನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬದನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದವರನ್ನು ನಾನು ಕಾಣೆ. ಆದರೆ ಈ ಕಥೆಯನ್ನು ಪಾಠ ಹೇಳುವವರು ಉಷಸ್ತಿಯ ವಿವೇಕವನ್ನಷ್ಟೇ ಹೊಗಳುತ್ತಾರೆ. ಕೇಳಿದೊಡನೆ ಕೊಟ್ಟು, ಒಲ್ಲೆನೆಂದಾಗ ಕೋಪಿಸದೆ ಇದ್ದ ಆ ಆನೆಯವನ ಹೆಸರು ಸಹ ಉಪನಿಷತ್ತಿನಲ್ಲಿಲ್ಲ.

ಅತಿಥಿಯ ನಿಯಮವನ್ನು ಮನ್ನಿಸುವದು ಸುಲಭದ ಕೆಲಸವಲ್ಲ. ನಮ್ಮ ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ ಅರಬ ವರ್ತಕರು ಈ ರಾಜರನ್ನು ‘ಬಲ್ಹರಾ’ ಎಂದೂ ಪಟ್ಟಣವನ್ನು ‘ಮಾನಕೀರ’ ಎಂದೂ ಕರೆದು, ತಮ್ಮ ಜನರಿಗೆ ಈ ರಾಜ್ಯದಲ್ಲಿ ದೊರೆತ ಆದರವನ್ನು ಬರೆದಿಟ್ಟಿದ್ದಾರೆ. ಅದೇ ಕಾಲದಲ್ಲಿ ಹಿಂದೂಸ್ಥಾನದ ವರ್ತಕರು ಇರಾನಿನ ಕಡಲತಡಿಯ ಸೀರಾಫ ಪಟ್ಟಣಕ್ಕೆ ಹೋಗುತ್ತಿದ್ದರು. ಹತ್ತನೆಯ ಶತಮಾನದಲ್ಲಿ ಆ ಊರಿನ ಅಬೂ ಜೈದನು ಬರೆದಿರುವ ಸಂಗತಿ ಹೀಗಿದೆ: ಈ ಪರದೇಶಿಗಳು ಇಬ್ಬರು ಒಂದೇ ಪಾತ್ರೆಯಲ್ಲಿ ಉಣ್ಣುವವರಲ್ಲ, ಊರಿನ ಸಾಹುಕಾರರು ಅವರನ್ನು ಊಟಕ್ಕೆ ಕರೆದರೆ, ಸುಮಾರು ನೂರು ಜನರಿದ್ದರೂ ಒಬ್ಬೊಬ್ಬರ ಮುಂದೆ ಬೇರೆ ಬೇರೆ ತಟ್ಟೆಯನ್ನು ಇಡಬೇಕಾಗುತ್ತಿತ್ತು. ಒಂದೇ ಹರಿವಾಣದ ಸುತ್ತ ಕೂತು ಉಣ್ಣುವದನ್ನೇ ಸ್ನೇಹದ ಗುರುತೆಂದು ಎಣಿಸುವ ಜನರಿಗೆ ಇದು ಅವಮಾನವೆಂದು ತೋರಬಹುದಾಗಿತ್ತು. ಆದರೂ ಅವರು ನೂರು ತಟ್ಟೆಗಳನ್ನು ಒದಗಿಸಿದರು. ಆತಿಥ್ಯವೆಂದರೆ ನಮಗೆ ರುಚಿಸಿದ್ದನ್ನು ನೀಡುವದಲ್ಲ, ಬಂದವನಿಗೆ ಸಲ್ಲುವ ರೀತಿಯಲ್ಲಿ ನೀಡುವದು.

ಇನ್ನು ದಾನದ ಅನ್ನದ ಕಡೆಗೆ ತಿರುಗೋಣ. ಅದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೊಂದು ದೋಷವಿತ್ತು: ಅದು ಪಾತ್ರವನ್ನು ನೋಡುತ್ತಿತ್ತು. ಯಾರಿಗೆ ಒಳಪಂಕ್ತಿ, ಯಾರಿಗೆ ಹೊರಜಗಲಿ, ಯಾರಿಗೆ ಬಾಗಿಲ ಹೊರಗೆ ಎಂಬುದು ಮೊದಲೇ ನಿರ್ಣಯವಾಗಿರುತ್ತಿತ್ತು. ಹಣವು ಈ ಪ್ರಶ್ನೆಯನ್ನು ಕೇಳುವದಿಲ್ಲ. ಇದು ಮಾರಾಟದ ಅನ್ನದ ದೊಡ್ಡ ಗುಣ. ನಮ್ಮ ದೇಶದಲ್ಲಿ ಮಾತ್ರ ಆ ಗುಣವೂ ಬಹುಕಾಲ ಫಲಿಸಲಿಲ್ಲ. ಹಣ ತೆತ್ತವನಿಗೂ ಬೇರೆ ಬಟ್ಟಲು, ಬೇರೆ ಸ್ಥಳ. 1950ನೆಯ ಇಸವಿಯ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಯಾರನ್ನೂ ಅಂಗಡಿ, ಉಪಾಹಾರಗೃಹಗಳಿಂದ ತಡೆಯಕೂಡದೆಂದು ವಿಧಿಸಿತು. ಸ್ಮೃತಿಗಳು ಅನ್ನವನ್ನು ಮಾರಬೇಡವೆಂದವು. ಈ ಹೊಸ ವಿಧಿಯು ಮಾರುವದಾದರೆ ಎಲ್ಲರಿಗೂ ಮಾರು ಎಂದಿತು.

ಮಾರಾಟದಲ್ಲಿಯೂ ಧರ್ಮವಿರಬಹುದೆಂಬುದಕ್ಕೆ ಕನ್ನಡಿಗರ ನಿದರ್ಶನವೂ ಉಂಟು. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ತಮ್ಮ ಸಹೋದರರೊಡನೆ 1924ರಲ್ಲಿ ಬೆಂಗಳೂರಿನ ಲಾಲಬಾಗ ರಸ್ತೆಯಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್ಬ’ನ್ನು ತೆರೆದರು. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ಕಣ್ಣಾರೆ ಕಂಡರು. ಮರಳಿ ಬಂದ ಮೇಲೆ ಪಾತ್ರೆಗಳನ್ನು ಹಬೆಯಿಂದ ಶುದ್ಧಗೊಳಿಸುವ ಪದ್ಧತಿಯನ್ನು ತಂದರು. ಹೆಸರೂ ಬದಲಾಗಿ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದಾಯಿತು. ಜಾತಿಯ ಹೆಸರು ಹೋಗಿ ಕೇರಿಯ ಹೆಸರು ಬಂತು. ಪರದೇಶದಲ್ಲಿ ತಾವು ಕಂಡ ಒಳ್ಳೆಯದನ್ನು ಅವರು ಮಾತಿನಿಂದ ಹೊಗಳಿ ಸುಮ್ಮನಾಗಲಿಲ್ಲ. ಇಲ್ಲಿ ಉಣ್ಣುವವರ ತಟ್ಟೆಗೆ ಅದನ್ನು ತಂದು ಮುಟ್ಟಿಸಿದರು.

ಆದರೂ ಪೂರ್ವಪಕ್ಷವು ಪೂರ್ತಿಯಾಗಿ ಸೋಲಲಿಲ್ಲ. ಹಣವು ಕುಲವನ್ನು ಕೇಳದಿದ್ದರೂ ತನ್ನನ್ನು ತಾನು ಕೇಳುತ್ತದೆ. ಬರಿಗೈಯವನಿಗೆ ಖಾನಾವಳಿಯ ಬಾಗಿಲು ಮುಚ್ಚಿದ್ದೇ. ಅಲ್ಲಿ ದಾಸೋಹವೇ ಗತಿ. 1822ರಲ್ಲಿ ಲಿಂಗೈಕ್ಯರಾದ ಕಲಬುರಗಿಯ ಶರಣಬಸವೇಶ್ವರರ ಹೆಸರು ಇಂದಿಗೂ ಈ ಸೀಮೆಯಲ್ಲಿ ದಾಸೋಹದೊಡನೆಯೇ ಬರುತ್ತದೆ. ದಾನವೆನ್ನದೆ ದಾಸೋಹವೆಂದದ್ದರಲ್ಲಿ ದೊಡ್ಡ ಅರ್ಥವಿದೆ: ನೀಡುವವನೇ ದಾಸನು, ಉಣ್ಣುವವನು ತಲೆ ತಗ್ಗಿಸಬೇಕಾಗಿಲ್ಲ. ಹಾಗಾದರೆ ಮಾರಿದ ಅನ್ನವೋ ನೀಡಿದ ಅನ್ನವೋ ಎಂಬ ವಿಕಲ್ಪವೇ ಸರಿಯಲ್ಲ. ಬೆಲೆಯಿದ್ದರೂ ಇಲ್ಲದಿದ್ದರೂ, ಉಣ್ಣುವವನನ್ನು ಕೀಳು ಮಾಡಿ ಬಡಿಸಿದರೆ ಅದು ಅಧರ್ಮ.

ಇದನ್ನು ನಾನು ಗ್ರಂಥಗಳಿಂದ ಮಾತ್ರ ಹೇಳುತ್ತಿಲ್ಲ. ನಮ್ಮ ಕೋಡ್ಲಾದ ಸುತ್ತಮುತ್ತ ಸುಣ್ಣಕಲ್ಲಿನ ನೆಲದಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದಿವೆ. ಉತ್ತರದ ರಾಜ್ಯಗಳಿಂದ ತರುಣರು ಕೂಲಿಗಾಗಿ ಬರುತ್ತಾರೆ. ಅದೇ ವೇಳೆಗೆ ನಮ್ಮ ಹಳ್ಳಿಗಳ ತರುಣರು ವಾಡಿಯಲ್ಲಿ ಗಾಡಿ ಹತ್ತಿ ಮುಂಬಯಿ, ಪುಣೆ, ಹೈದರಾಬಾದಗಳಿಗೆ ಹೋಗುತ್ತಾರೆ. ಬಂದವರಿಗೆ ನಮ್ಮ ಊರೇ ಪರದೇಶ. ಪರಸ್ಥಳದವರೆಂದು ತಿಳಿದೊಡನೆ ತಾಟಿನ ದರವನ್ನು ಏರಿಸುವವರೂ, ಅವರ ಮಾತನ್ನು ಅಣಕಿಸುವವರೂ ನಮ್ಮಲ್ಲಿ ಇಲ್ಲದಿಲ್ಲ. ಕಳೆದ ಬೇಸಗೆಯಲ್ಲಿ ದಾರಿಯ ಬದಿಯ ಒಂದು ಖಾನಾವಳಿಯಲ್ಲಿ ಇಂಥ ಇಬ್ಬರು ತರುಣರು ಖಡಕ್ ಜೋಳದ ರೊಟ್ಟಿಯನ್ನು ಮುಂದಿಟ್ಟುಕೊಂಡು, ಅದನ್ನು ಹೇಗೆ ಉಣ್ಣಬೇಕೆಂದು ತಿಳಿಯದೆ ಕೂತಿದ್ದರು. ಪಕ್ಕದ ಸಾಲಿನ ಹಿರಿಯರೊಬ್ಬರು ನಕ್ಕರು. ಒಲೆಯ ಮುಂದಿದ್ದ ತಾಯಿಯು ಎದ್ದು ಬಂದು, ರೊಟ್ಟಿಯನ್ನು ಮುರಿದು ತೊಗರಿಬೇಳೆಯಲ್ಲಿ ನೆನೆಸಿ ತೋರಿಸಿ, ಕೇಳದೆಯೇ ಮತ್ತೊಮ್ಮೆ ಅನ್ನ ನೀಡಿ, ನಕ್ಕವರ ಕಡೆಗೆ ತಿರುಗಿ ಮೆಲ್ಲಗೆ ಅಂದಳು: “ಕಾಕಾ, ನಿಮ್ಮ ಮಗ ಬೊಂಬಾಯಿದಾಗ ಉಣ್ಣಲತ್ತಾನ. ಅಲ್ಲಿ ಯಾರರ ಹಿಂಗ ನಕ್ಕರ ನಿಮಗ ಹ್ಯಾಂಗ ಅನಸ್ತದ?” ಹಿರಿಯರು ಮರುಮಾತಾಡಲಿಲ್ಲ. ತಾಟಿನ ಹಣವನ್ನು ಆಕೆ ಎಲ್ಲರಿಂದಲೂ ಒಂದೇ ಸಮನಾಗಿ ತೆಗೆದುಕೊಂಡಳು.

ಆಕೆಯ ಮಾತಿನಲ್ಲಿ ನಮ್ಮ ಪ್ರಶ್ನೆಯ ಸಿದ್ಧಾಂತವಿದೆ. ತಾಟಿಗೆ ಬೆಲೆ ಕಟ್ಟಬಹುದು. ಬೇಳೆಗೆ, ಸೌದೆಗೆ, ದುಡಿಮೆಗೆ ಬೆಲೆಯುಂಟು, ಅದನ್ನು ಕೊಡತಕ್ಕದ್ದು. ಆದರೆ ಎದ್ದು ಬಂದು ರೊಟ್ಟಿ ಮುರಿದು ತೋರಿಸಿದ್ದಕ್ಕೆ, ಕೇಳದೆ ಇಕ್ಕಿದ ಅನ್ನಕ್ಕೆ, ಮಾನವನ್ನು ಕಾಯ್ದದ್ದಕ್ಕೆ ಬೆಲೆಯಿಲ್ಲ. ಪರದೇಶದ ಊಟವನ್ನು ಮರೆಯಲಾರದವನು ನೆನೆಯುವದು ಈ ಬೆಲೆಯಿಲ್ಲದ ಭಾಗವನ್ನೇ; ಚುಕ್ತಾ ಆಗದೆ ಉಳಿದ ಋಣವೂ ಅದೇ. ಅದನ್ನು ಕೊಟ್ಟವರಿಗೆ ತಿರುಗಿ ಕೊಡುವ ಉಪಾಯವಿಲ್ಲ. ಅವರ ಹೆಸರು ನಮಗೆ ತಿಳಿಯದು. ಆ ಬೀದಿಗೆ ನಾವು ಮತ್ತೆ ಹೋಗುವದೂ ಇಲ್ಲ. ಆಪಸ್ತಂಬ ಧರ್ಮಸೂತ್ರವು ವಿಕ್ರಯವನ್ನು ನಿಷೇಧಿಸಿದ ಮೇಲೆ ಒಂದು ವಿನಿಮಯವನ್ನು ಒಪ್ಪುತ್ತದೆ: ಅನ್ನಕ್ಕೆ ಅನ್ನ. ಸೂತ್ರಕಾರನು ಹೇಳಿದ್ದು ಧಾನ್ಯದ ಕೊಡುಕೊಳ್ಳುವಿಕೆಯನ್ನೇ ಇರಲಿ. ಈ ಋಣಕ್ಕೂ ಅದೇ ಮಾರ್ಗವೆಂದು ನನಗೆ ತೋರುತ್ತದೆ. ನಮ್ಮ ಮಕ್ಕಳು ದೂರದ ಊರಿನಲ್ಲಿ ಯಾರ ಕೈಯ ಅನ್ನವನ್ನೋ ಉಣ್ಣುತ್ತಿದ್ದಾರೆ. ಆ ಕೈಗೆ ನಾವು ಸಲ್ಲಿಸಬೇಕಾದದ್ದನ್ನು, ಇಂದು ನಮ್ಮ ಊರಿನ ಖಾನಾವಳಿಯಲ್ಲಿ ದಿಕ್ಕು ತಿಳಿಯದೆ ಕೂತಿರುವ ಪರಸ್ಥಳದ ಹುಡುಗನಿಗೆ ಸಲ್ಲಿಸತಕ್ಕದ್ದು.