ಮಾತಿಗೆ ಪುರಾವೆ ಕೇಳುವ ಕಾಲ

ಫೋನಿನಲ್ಲಿ ಮಾತು ಹೇಗೆ ಶುರುವಾಗುತ್ತದೆ ಎಂಬುದನ್ನು ನಾವು ಗಮನಿಸಿದ್ದೇವೆಯೇ? ಬೈಲಹೊಂಗಲದ ನಿಲ್ದಾಣದಲ್ಲಿ ಸವದತ್ತಿಯ ಬಸ್ಸಿಗಾಗಿ ಅರ್ಧ ಗಂಟೆ ಕಾದರೆ ಸಾಕು, ತಿಳಿದುಬಿಡುತ್ತದೆ. ಸಲಾಮ್ ಅಥವಾ ನಮಸ್ಕಾರದ ಬೆನ್ನಿಗೇ ಬರುವ ಮೊದಲ ಪ್ರಶ್ನೆ, ‘ಎಲ್ಲದೀರಿ?’ ದಖನಿಯವರು ‘ಕಾಂ ಹೈ?’ ಎನ್ನುತ್ತಾರೆ, ಮರಾಠಿಯವರು ‘ಕುಠೇ ಆಹೇಸ್?’ ಎನ್ನುತ್ತಾರೆ. ಭಾಷೆ ಮೂರಾದರೂ ಪ್ರಶ್ನೆ ಒಂದೇ. ಉತ್ತರವೂ ಬಹುತೇಕ ಒಂದೇ: ‘ಸವದತ್ತಿ ಹತ್ರ ಬಂದೇನ್ರಿ, ಇನ್ನ ಹತ್ತ ಮಿನಿಟು.’ ಬಸ್ಸು ಮಾತ್ರ ಇನ್ನೂ ಬೈಲಹೊಂಗಲ ಬಿಟ್ಟಿರುವುದಿಲ್ಲ. ಪಕ್ಕದಲ್ಲಿ ಕುಳಿತವರು ಮುಸಿಮುಸಿ ನಗುತ್ತಾರೆ. ಆ ಕಡೆ ಕೇಳಿದವರಿಗೂ ಇದು ಪೂರ್ತಿ ನಿಜವಲ್ಲವೆಂದು ಗೊತ್ತಿರುತ್ತದೆ. ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ಹಾಗಾದರೆ ಇದು ಸುಳ್ಳೇ? ಸುಳ್ಳಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದ ದೂರವಾಣಿ ಇತಿಹಾಸದಲ್ಲಿ ಕಿತ್ತೂರಿಗೆ ಒಂದು ಸ್ಥಾನವಿದೆ. ಚೆನ್ನಮ್ಮನ ಊರೆಂದು ಅದನ್ನು ಬಲ್ಲವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿಯೇ 128 ಲೈನುಗಳ ಒಂದು ಸಣ್ಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ತಯಾರಿಸಿತು. ಹವಾನಿಯಂತ್ರಣವಿಲ್ಲದೆ, ಹಳ್ಳಿಯ ಸೆಕೆ ಮತ್ತು ಧೂಳಿನಲ್ಲೇ ಕೆಲಸ ಮಾಡುವಂತೆ ಅದನ್ನು ರೂಪಿಸಲಾಗಿತ್ತು. ಅಂಥ ಮೊದಲ ಕೇಂದ್ರ 1986ರ ಜುಲೈಯಲ್ಲಿ ನೆಲೆಗೊಂಡದ್ದು ಕಿತ್ತೂರಿನಲ್ಲಿ. ದೇಶದ ಹಳ್ಳಿಹಳ್ಳಿಗೆ ಫೋನು ಹೋದ ದಾರಿ ಅಲ್ಲಿಂದ ಶುರುವಾಯಿತು.

ಆ ಕಾಲದ ಫೋನಿನ ನಂಬರು ಒಂದು ಜಾಗದ ನಂಬರಾಗಿತ್ತು. ಇಂಥ ಅಂಗಡಿಯದು, ಇಂಥ ಮನೆಯದು, ಪಂಚಾಯಿತಿ ಕಚೇರಿಯದು. ಫೋನು ಇಲ್ಲದವರು ಅರ್ಜಿಯಲ್ಲಿ ಪಕ್ಕದ ಮನೆಯ ನಂಬರು ಬರೆದು ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಕರೆ ಬಂದರೆ ಪಕ್ಕದ ಮನೆಯ ಹುಡುಗ ಓಡಿ ಬಂದು ಕೂಗುತ್ತಿದ್ದ. ಹೀಗಿರುವಾಗ ‘ಎಲ್ಲಿದ್ದೀರಿ?’ ಎಂದು ಯಾರು ಕೇಳುತ್ತಾರೆ? ಫೋನು ಎತ್ತಿದ್ದಾರೆಂದರೆ ಅವರು ಅಲ್ಲೇ ಇದ್ದಾರೆಂದು ಅರ್ಥ. ಇರುವ ಜಾಗವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದು ತಾನಾಗಿಯೇ ತಿಳಿಯುತ್ತಿತ್ತು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತಾದಿಂದ ದಿಲ್ಲಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಹಣ ಕೊಡಬೇಕಿತ್ತು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾದ ಮೇಲೆಯೇ ಮೊಬೈಲು ರೈತರ, ಹಮಾಲರ, ನೇಕಾರರ ಜೇಬಿಗೆ ಇಳಿಯಿತು. ಅದರೊಂದಿಗೆ ನಂಬರು ಗೋಡೆಯನ್ನು ಬಿಟ್ಟು ಮನುಷ್ಯನನ್ನು ಅಂಟಿಕೊಂಡಿತು. ಕರೆ ಎತ್ತಿದವನು ಹೊಲದಲ್ಲಿದ್ದಾನೋ, ಸಂತೆಯಲ್ಲಿದ್ದಾನೋ, ಮದುವೆ ಮನೆಯಲ್ಲಿದ್ದಾನೋ ತಿಳಿಯುವಂತಿಲ್ಲ. ಅವನು ಹೇಳಿದರಷ್ಟೇ ಗೊತ್ತು. ಅಂದರೆ ತನ್ನ ಇರವಿಗೆ ತಾನೇ ಸಾಕ್ಷಿಯಾಗುವ ಹೊಸ ಹೊಣೆಯೊಂದು ಮನುಷ್ಯನ ನಾಲಿಗೆಯ ಮೇಲೆ ಬಂತು. ಮೊಬೈಲು ತಂದ ಬದಲಾವಣೆಗಳಲ್ಲಿ ಇದು ಸಣ್ಣದಲ್ಲ.

ಮೊದಮೊದಲು ಆ ಹೊಣೆಯನ್ನು ಜನ ಚೆನ್ನಾಗಿಯೇ ಹೊತ್ತರು. ಮಿಸ್ಡ್ ಕಾಲ್‌ನ ಕಾಲವನ್ನು ನೆನಪಿಸಿಕೊಳ್ಳಿ. ಒಂದು ರಿಂಗ್ ಆಗಿ ನಿಂತರೆ ‘ಊರು ಮುಟ್ಟಿದೆ’ ಎಂದು ಅರ್ಥ. ಎರಡು ಸಲ ಬಂದರೆ ‘ನೀವೇ ಮಾಡಿ, ಕರೆನ್ಸಿ ಇಲ್ಲ’ ಎಂದು ಅರ್ಥ. ಒಂದು ಪೈಸೆ ಖರ್ಚಿಲ್ಲದ, ಒಂದು ಶಬ್ದವೂ ಇಲ್ಲದ ಈ ಸುದ್ದಿಯನ್ನು ತಾಯಂದಿರು ನಂಬಿ ದೀಪ ಆರಿಸಿ ಮಲಗುತ್ತಿದ್ದರು. ಆ ರಿಂಗಿನ ಹಿಂದೆ ಪುರಾವೆ ಏನಿತ್ತು? ಏನೂ ಇರಲಿಲ್ಲ. ಒಪ್ಪಂದವಿತ್ತು, ಅಷ್ಟೇ.

‘ಎಲ್ಲಿದ್ದೀರಿ?’ ಎಂಬುದು ಕಾಳಜಿಯ ಪ್ರಶ್ನೆಯೂ ಹೌದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹಳ್ಳಿಗಳಿಗೆ ನುಗ್ಗಿದಾಗ ದೂರದ ಊರುಗಳಿಗೆ ದುಡಿಯಲು ಹೋದ ಮಕ್ಕಳು ಮನೆಯವರಿಗೆ ಕೇಳಿದ್ದು ಈ ಪ್ರಶ್ನೆಯನ್ನೇ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಯ ಜನಜಂಗುಳಿಯಲ್ಲಿ ಕೈತಪ್ಪಿದ ಮುದುಕಿಯನ್ನು ಮೊಮ್ಮಗ ಕೇಳುವುದೂ ಇದನ್ನೇ. ಇಲ್ಲಿ ಪ್ರಶ್ನೆಯ ಒಳಗೆ ಪ್ರೀತಿಯಿದೆ. ಆದ್ದರಿಂದ ಉತ್ತರದಲ್ಲಿ ಸುಳ್ಳಿಗೆ ಅವಕಾಶವೇ ಇಲ್ಲ.

ಈಗ ಆ ಹತ್ತು ಮಿನಿಟಿನ ಸುಳ್ಳಿಗೆ ಮರಳೋಣ. ಬೈಲಹೊಂಗಲದ ಹತ್ತಿ ವ್ಯಾಪಾರವಿರಲಿ, ರಾಮದುರ್ಗದ ಸೀರೆ ನೇಯುವವರಿಗೆ ನೂಲು ಕೊಟ್ಟು ಸೀರೆ ಪಡೆಯುವ ವ್ಯವಹಾರವಿರಲಿ, ಬಾಯಿಮಾತು ಇಲ್ಲದೆ ನಡೆಯುವುದಿಲ್ಲ. ‘ಶುಕ್ರವಾರ ಕೊಡ್ತೀನಿ’ ಎಂಬ ಮಾತು ಅಲ್ಲಿ ನಾಣ್ಯದಂತೆ ಕೈಯಿಂದ ಕೈಗೆ ಹೋಗುತ್ತದೆ. ಖೋಟಾ ನಾಣ್ಯವೊಂದು ಸಂತೆಗೆ ಬಂದರೆ ನಷ್ಟವಾಗುವುದು ಅದನ್ನು ಪಡೆದ ಒಬ್ಬನಿಗೆ ಮಾತ್ರವಲ್ಲ. ಅಂದಿನಿಂದ ಪ್ರತಿಯೊಬ್ಬರೂ ಪ್ರತಿಯೊಂದು ನಾಣ್ಯವನ್ನೂ ಕಲ್ಲಿಗೆ ಬಡಿದು ನೋಡತೊಡಗುತ್ತಾರೆ. ಪ್ರಾಮಾಣಿಕನ ನಾಣ್ಯಕ್ಕೂ ಆ ಪೆಟ್ಟು ತಪ್ಪುವುದಿಲ್ಲ. ಸಣ್ಣ ಸುಳ್ಳಿನ ಹಾನಿಯೂ ಇಂಥದ್ದೇ. ಅದು ಕೇಳಿದವರ ಹತ್ತು ನಿಮಿಷವನ್ನು ತಿನ್ನುತ್ತದೆ, ಜೊತೆಗೆ ಎಲ್ಲರ ಮಾತಿನ ಬೆಲೆಯನ್ನೂ ತುಸು ಇಳಿಸುತ್ತದೆ.

ಹಾಗೆಂದು ಇರುವ ಜಾಗವನ್ನು ಕೇಳಿದವರಿಗೆಲ್ಲ ಹೇಳಲೇಬೇಕೆಂಬ ನಿಯಮವಿದೆಯೇ? ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರ ಒಂದು ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿಮ್ಮ ಮನೆಯಲ್ಲಿ ಅಡಗಿರುವ ಗೆಳೆಯ ಎಲ್ಲಿದ್ದಾನೆಂದು ಕೇಳಿದರೆ ಸುಳ್ಳು ಹೇಳಬಹುದೇ? ಕೂಡದು ಎಂಬುದು ಕಾಂಟ್‌ನ ಕಠಿಣ ಉತ್ತರ. ಬೈಲಹೊಂಗಲ ಸೀಮೆಯವರಿಗೆ ಈ ಉತ್ತರ ಒಪ್ಪಿಗೆಯಾಗುವುದು ಕಷ್ಟ. ಅದೇ ತಾಲೂಕಿನ ಸಂಗೊಳ್ಳಿಯ ರಾಯಣ್ಣ ಬ್ರಿಟಿಷರ ಕೈಗೆ ಸಿಕ್ಕಿದ್ದು ಯುದ್ಧದಲ್ಲಿ ಸೋತು ಅಲ್ಲ, ನಮ್ಮವರದೇ ದ್ರೋಹದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನಿರುವ ಜಾಗವನ್ನು ಶತ್ರುವಿಗೆ ತಿಳಿಸಿದವರು ಹೇಳಿದ್ದು ಸುಳ್ಳಲ್ಲ, ಸತ್ಯವನ್ನೇ. ಆದರೂ ಇಷ್ಟು ವರ್ಷಗಳ ನಂತರವೂ ಜನ ಅವರನ್ನು ಕ್ಷಮಿಸಿಲ್ಲ.

ಇದರಿಂದ ನಮಗೆ ತಿಳಿಯುವುದೇನು? ಒಬ್ಬ ಮನುಷ್ಯ ಎಲ್ಲಿದ್ದಾನೆ ಎಂಬುದು ಬೀದಿಯಲ್ಲಿ ಬಿದ್ದ ಮಾಹಿತಿಯಲ್ಲ. ಅದು ಅವನ ಸ್ವತ್ತು. ಅವನಾಗಿಯೇ ಇನ್ನೊಬ್ಬರಿಗೆ ಹೇಳಿದಾಗ ಅದು ಅವರ ಕೈಯಲ್ಲಿ ಅಮಾನತ್ತು ಆಗುತ್ತದೆ. ಹೇಳುವವನಿಗೆ ಸುಳ್ಳಾಡದಿರುವ ಹೊಣೆ ಇದ್ದಂತೆ ಕೇಳಿದವನಿಗೆ ಅಮಾನತ್ತನ್ನು ಕಾಯುವ ಹೊಣೆಯೂ ಇದೆ. ಸತ್ಯ ನಿಲ್ಲುವುದು ಈ ಎರಡು ಕಂಬಗಳ ಮೇಲೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಕಾನೂನು ಅಂದು ಹೇಳಿದ್ದನ್ನು ನಮ್ಮ ಹಿರಿಯರು ‘ಇನ್ನೊಬ್ಬರ ಗುಟ್ಟು ಬಿಡಬ್ಯಾಡ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.

ಸ್ಮಾರ್ಟ್‌ಫೋನು ಬಂದ ಮೇಲೆ ಈ ಎರಡೂ ಕಂಬಗಳು ಅಲುಗಾಡುತ್ತಿವೆ. ಫೋನು ಜೇಬಿನಲ್ಲಿ ಸುಮ್ಮನಿರುವಾಗಲೂ ಹತ್ತಿರದ ಟವರಿಗೆ ತನ್ನ ಇರವನ್ನು ತಿಳಿಸುತ್ತಲೇ ಇರುತ್ತದೆ. ಇಲ್ಲದಿದ್ದರೆ ನಮಗೆ ಬಂದ ಕರೆ ನಮ್ಮನ್ನು ತಲುಪುವುದೇ ಇಲ್ಲ. ಅಂದರೆ ನಾವು ಬಾಯಿ ತೆರೆಯುವ ಮೊದಲೇ ಯಂತ್ರ ಉತ್ತರ ಕೊಟ್ಟಾಗಿರುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ವಿಡಿಯೋ ಕರೆ, ಲೈವ್ ಲೊಕೇಶನ್ ಎಲ್ಲರ ಕೈಗೆಟುಕಿದವು. ‘ಎಲ್ಲಿದ್ದೀಯಾ?’ ಎಂದು ಕೇಳುವವರು ಈಗ ‘ಕ್ಯಾಮೆರಾ ತಿರುಗಿಸಿ ತೋರಿಸು’ ಎನ್ನುತ್ತಾರೆ. ಧಾರವಾಡದಲ್ಲಿ ಕಾಲೇಜು ಓದುವ ಮಗಳಿಗೆ, ತವರಿಗೆ ಹೋದ ಹೆಂಡತಿಗೆ, ಲೋಡು ಹೊತ್ತು ಹೋದ ಡ್ರೈವರನಿಗೆ ಈ ಆಜ್ಞೆ ಹೋಗುತ್ತದೆ. ಆಜ್ಞೆ ಹೋಗುವ ದಿಕ್ಕನ್ನು ಗಮನಿಸಿ. ಮಗಳು ಅಪ್ಪನಿಗೆ ಹೀಗೆ ಹೇಳಿದ್ದನ್ನು, ಡ್ರೈವರ್ ಮಾಲೀಕನಿಗೆ ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ? ಮೇಲಿನವರ ಮಾತಿಗೆ ನಂಬಿಕೆ, ಕೆಳಗಿನವರ ಮಾತಿಗೆ ಪುರಾವೆ. ಇದು ಹಳೆಯ ಅನ್ಯಾಯ. ಅದಕ್ಕೆ ಹೊಸ ಉಪಕರಣ ಸಿಕ್ಕಿದೆ, ಅಷ್ಟೇ.

ಗೋವಿನ ಹಾಡಿನ ಪುಣ್ಯಕೋಟಿಯನ್ನು ಕನ್ನಡದ ಮಕ್ಕಳೆಲ್ಲ ಬಲ್ಲರು. ಕರುವಿಗೆ ಹಾಲುಣಿಸಿ ಮರಳಿ ಬರುತ್ತೇನೆಂಬ ಬರಿಯ ಮಾತಿನ ಮೇಲೆ ಹುಲಿ ಅವಳನ್ನು ಬಿಟ್ಟಿತು. ಇಂದಿನ ಹುಲಿಯಾಗಿದ್ದರೆ ಲೈವ್ ಲೊಕೇಶನ್ ಹಾಕಿಸಿಕೊಂಡು ಕಳಿಸುತ್ತಿತ್ತು. ಆಗ ಪುಣ್ಯಕೋಟಿ ಮರಳಿ ಬಂದರೂ ಅವಳ ಸತ್ಯಕ್ಕೆ ಏನು ಅರ್ಥ ಉಳಿಯುತ್ತಿತ್ತು? ಕಾವಲಿನಲ್ಲಿರುವವರು ಓಡಿಹೋಗದಿದ್ದರೆ ಅದನ್ನು ಯಾರೂ ಸತ್ಯಸಂಧತೆ ಎನ್ನುವುದಿಲ್ಲ. ಅವಳ ಸತ್ಯವನ್ನು ಕಂಡು ಹುಲಿಯ ಮನಸ್ಸು ಕರಗಿದ್ದಾದರೂ ಹೇಗೆ ಸಾಧ್ಯವಾಗುತ್ತಿತ್ತು? ಸುಳ್ಳು ಹೇಳುವ ಅವಕಾಶವಿದ್ದೂ ಹೇಳದಿರುವಲ್ಲಿ ಮಾತ್ರ ಸತ್ಯಕ್ಕೆ ಜೀವವಿರುತ್ತದೆ.

ಪುರಾವೆಯ ಈ ಹಸಿವು ಮನೆಯೊಳಗೇ ನಿಲ್ಲಲಿಲ್ಲ. ಉದ್ಯೋಗ ಖಾತ್ರಿ ಯೋಜನೆಯ ಕೂಲಿಕಾರರ ಹಾಜರಿಗಾಗಿ ಕೇಂದ್ರ ಸರಕಾರ 2021ರಲ್ಲಿ ಒಂದು ಮೊಬೈಲ್ ಆ್ಯಪ್ ತಂದಿತು. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ದಿನಕ್ಕೆರಡು ಸಲ ಕೆಲಸದ ಜಾಗದಲ್ಲಿ ಕೂಲಿಕಾರರನ್ನು ನಿಲ್ಲಿಸಿ, ಸಮಯ ಮತ್ತು ಸ್ಥಳ ದಾಖಲಾಗುವ ಫೋಟೋ ತೆಗೆದು ಕಳಿಸಬೇಕಿತ್ತು. ಕರ್ನಾಟಕದಲ್ಲಿ ಈ ಕೆಲಸ ಬಿದ್ದದ್ದು ‘ಕಾಯಕ ಬಂಧು’ಗಳ ಮೇಲೆ. ನಕಲಿ ಹೆಸರು ಬರೆದು ಹಣ ನುಂಗುವವರನ್ನು ತಡೆಯಬೇಕೆಂಬ ಉದ್ದೇಶ ಸರಿಯಾಗಿಯೇ ಇತ್ತು. ಅಂಥ ಮೋಸ ನಡೆದದ್ದೂ ನಿಜ. ಆದರೆ ನೆಟ್‌ವರ್ಕ್ ಸಿಗದೆ, ಆ್ಯಪ್ ಕೈಕೊಟ್ಟು, ಕೆಲಸ ಮಾಡಿಯೂ ಹಾಜರಿ ತಪ್ಪಿಸಿಕೊಂಡ ಕೂಲಿಕಾರರ ದೂರುಗಳು ದೇಶದ ಹಲವೆಡೆಯಿಂದ ಬಂದವು. 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ. ಬಿಸಿಲಿನಲ್ಲಿ ಮಣ್ಣು ಹೊತ್ತ ಹೆಂಗಸೊಬ್ಬಳು ಅಲ್ಲಿದ್ದಳೆಂಬುದಕ್ಕೆ ಅವಳ ಜೊತೆಗಿದ್ದ ಇಪ್ಪತ್ತು ಜನ ಸಾಕ್ಷಿ, ಅಗೆದ ಬದುವೇ ಸಾಕ್ಷಿ. ಆ ಸಾಕ್ಷಿಗಳು ಲೆಕ್ಕಕ್ಕಿಲ್ಲ. ಟವರು ಹೇಳಿದರೆ ಅವಳಿದ್ದಳು, ಹೇಳದಿದ್ದರೆ ಇರಲಿಲ್ಲ!

ಹೋಗಲಿ, ಮೋಸವಾದರೂ ನಿಂತಿತೇ? 2025ರ ಜುಲೈಯಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಆ್ಯಪಿನ ದುರ್ಬಳಕೆಯ ಬಗೆಗಳನ್ನು ಪಟ್ಟಿ ಮಾಡಬೇಕಾಯಿತು. ಸಂಬಂಧವಿಲ್ಲದ ಚಿತ್ರಗಳನ್ನು ಹಾಕುವುದು, ಫೋಟೋದ ಫೋಟೋ ತೆಗೆದು ಕಳಿಸುವುದು ಎಲ್ಲ ಅದರಲ್ಲಿದ್ದವು. ಸುಳ್ಳು ಹೇಳಬೇಕೆಂದು ಹೊರಟವರು ಯಂತ್ರಕ್ಕೂ ಸುಳ್ಳು ಕಲಿಸಿದರು. ಪ್ರಾಮಾಣಿಕರಿಗೆ ಉಳಿದದ್ದು ಸಿಗ್ನಲ್ ಹುಡುಕುವ ಕೆಲಸ. ಖೋಟಾ ನಾಣ್ಯದ ಪೆಟ್ಟು ಅಸಲಿ ನಾಣ್ಯಕ್ಕೆ ಬೀಳುವುದೆಂದರೆ ಇದೇ.

ತಪ್ಪು ತಂತ್ರಜ್ಞಾನದ್ದಲ್ಲ ಎಂಬುದನ್ನೂ ಹೇಳಬೇಕು. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ರಜೆ ಸಿಗದೆ ತಂದೆಯ ಜನಾಝಕ್ಕೆ ಬರಲಾಗುವುದಿಲ್ಲ. ತಮ್ಮನೊಬ್ಬ ಫೋನು ಹಿಡಿದು ಅಂಗಳದಿಂದ ಖಬರಸ್ಥಾನದವರೆಗೆ ಲೈವ್ ತೋರಿಸುತ್ತಾನೆ. ಚಿತ್ರ ನಡುನಡುವೆ ನಿಲ್ಲುತ್ತದೆ, ಧ್ವನಿ ಮುರಿಯುತ್ತದೆ. ಸಾವಿರಾರು ಮೈಲು ದೂರದ ಕೋಣೆಯೊಂದರಲ್ಲಿ ಆ ಮಗ ಎದ್ದು ನಿಂತು ದುಆ ಮಾಡುತ್ತಾನೆ. ಬೇರೊಂದು ಮನೆಯಲ್ಲಿ ಮಗಳ ಸೀಮಂತವನ್ನು ಅಜ್ಜಿ ಹಾಸಿಗೆಯಲ್ಲೇ ಮಲಗಿ ನೋಡುತ್ತಾಳೆ. ಕ್ಯಾಮೆರಾ ಅದೇ, ನೆಟ್‌ವರ್ಕ್ ಅದೇ. ಆದರೆ ಇಲ್ಲಿ ಯಾರೂ ಯಾರನ್ನೂ ಪರೀಕ್ಷಿಸುತ್ತಿಲ್ಲ. ಒಂದು ಕಡೆ ಕಣ್ಣು ಕಾವಲುಗಾರನದು, ಇನ್ನೊಂದು ಕಡೆ ಬಂಧುವಿನದು. ಯಾವ ಕಣ್ಣಿನಿಂದ ನೋಡಬೇಕೆಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ, ಅದು ನಮಗೇ ಬಿಟ್ಟದ್ದು.

ಮಕ್ಕಳ ರಕ್ಷಣೆಗಾಗಿ ಲೊಕೇಶನ್ ಕೇಳುವುದು ತಪ್ಪೇ ಎಂದು ಕೆಲವರು ಕೇಳಬಹುದು. ರಾತ್ರಿ ಒಬ್ಬಳೇ ಪ್ರಯಾಣಿಸುವ ಮಗಳು ತಾನಾಗಿಯೇ ಲೊಕೇಶನ್ ಕಳಿಸಿದರೆ ಅದು ಅವಳು ಒಪ್ಪಿಸಿದ ಅಮಾನತ್ತು. ಅವಳ ಮಾತನ್ನು ನಂಬದೆ ನಾವು ಕಿತ್ತುಕೊಂಡರೆ ಅದು ವಿಚಾರಣೆ. ನಕ್ಷೆಯ ಮೇಲೆ ಎರಡೂ ಒಂದೇ ನೀಲಿ ಚುಕ್ಕಿಯಂತೆ ಕಾಣುತ್ತವೆ. ಆದರೆ ಒಂದರಲ್ಲಿ ನಂಬಿಕೆ ಬೆಳೆಯುತ್ತದೆ, ಇನ್ನೊಂದರಲ್ಲಿ ಸಾಯುತ್ತದೆ. ದಿನವೂ ವಿಚಾರಣೆಗೆ ಒಳಗಾಗುವ ಮಗಳು ಕಲಿಯುವುದು ಸತ್ಯವನ್ನಲ್ಲ, ಲೊಕೇಶನ್ ಆಫ್ ಮಾಡುವ ಉಪಾಯವನ್ನು. ನಿಜವಾದ ಕಷ್ಟ ಬಂದ ದಿನ ಅವಳು ಫೋನು ಮಾಡಬೇಕಾದದ್ದು ನಮಗೆ. ಆ ದಿನ ಅವಳ ಕೈ ನಮ್ಮ ನಂಬರಿನತ್ತ ಹೋಗಬೇಕಾದರೆ, ಅದಕ್ಕೂ ಮೊದಲಿನ ನೂರು ದಿನ ನಾವು ಅವಳ ಮಾತನ್ನು ನಂಬಿರಬೇಕು.

ಹಾಗಾದರೆ ಆ ಹತ್ತು ಮಿನಿಟಿನ ಸುಳ್ಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದೇ ನಮ್ಮ ಉತ್ತರ. ಅದು ಘೋರ ಪಾಪವೆಂದಲ್ಲ. ಮಾತಿನ ಬೆಲೆ ಇಳಿದಾಗ ಮೊದಲು ಪೆಟ್ಟು ತಿನ್ನುವವರು ಮಾತನ್ನು ಬಿಟ್ಟು ಬೇರೇನೂ ಇಲ್ಲದವರು ಎಂಬ ಕಾರಣಕ್ಕೆ. ಉಳ್ಳವರು ಕಾಗದ ತೋರಿಸುತ್ತಾರೆ, ಜಾಮೀನು ಕೊಡುತ್ತಾರೆ. ಕೂಲಿಯವಳಿಗೆ, ನೇಕಾರನಿಗೆ, ಹಾಸ್ಟೆಲಿನ ಹುಡುಗಿಗೆ ‘ನಾನು ಅಲ್ಲಿದ್ದೆ’ ಎಂಬ ಮಾತೊಂದೇ ಆಸ್ತಿ. ಅದು ಚಲಾವಣೆಯಲ್ಲಿ ಉಳಿಯಬೇಕಾದರೆ ನಾವೆಲ್ಲರೂ ಮಾತನ್ನು ಹಗುರ ಮಾಡದಿರಬೇಕು. ಬಸ್ಸು ಹೊರಟಿಲ್ಲವೆಂದರೆ ‘ಇನ್ನೂ ಹೊಂಟಿಲ್ರಿ, ತಡಾ ಆಗ್ತೈತಿ’ ಎಂದು ಹೇಳಲು ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ಕೇಳಿದವರು ಒಂದು ಕ್ಷಣ ಬೇಸರಪಟ್ಟಾರು. ಮುಂದಿನ ಸಲ ‘ಬಂದೆ’ ಎಂದಾಗ ಬಾಗಿಲು ತೆರೆದು ಕಾಯುತ್ತಾರೆ.