ಪಾತ್ರೆ ಕೊಳ್ಳುವ ಕೈ, ತಿಕ್ಕುವ ಕೈ

ಪಾತ್ರೆ ಅಂಗಡಿಗೆ ಹೋದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಬಾಳಿಕೆ ಬರುತ್ತದೆಯೇ? ತೊಳೆಯುವುದು ಸುಲಭವೇ? ಅಂಗಡಿಯವನು ಪಾತ್ರೆಯನ್ನು ಬೋರಲು ಹಾಕಿ, ತಳವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ತೋರಿಸಿ, ಎರಡಕ್ಕೂ ಹೌದು ಅನ್ನುತ್ತಾನೆ. ಮಾತು ಅಲ್ಲಿಗೆ ಮುಗಿದು ಚೌಕಾಸಿ ಶುರುವಾಗುತ್ತದೆ. ನನಗೆ ಮಾತ್ರ ಆ ಎರಡನೆಯ ಪ್ರಶ್ನೆ ಅರ್ಧಕ್ಕೇ ನಿಂತಂತೆ ಅನ್ನಿಸುತ್ತದೆ. ಸುಲಭ ಅಂದರೆ ಯಾರಿಗೆ ಸುಲಭ? ಕೊಳ್ಳುವವರೇ ತೊಳೆಯುವವರೂ ಆಗಿದ್ದರೆ ಇದನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ನಮ್ಮ ಬಹಳಷ್ಟು ಮನೆಗಳಲ್ಲಿ ದುಡ್ಡು ಕೊಡುವ ಕೈ ಒಂದು, ಒಗ್ಗರಣೆ ಹಾಕುವ ಕೈ ಇನ್ನೊಂದು, ತಿಕ್ಕುವ ಕೈ ಮತ್ತೊಂದು. ಒಂದು ಬಾಣಲೆಯ ಆಯ್ಕೆ ನ್ಯಾಯ ಅನ್ಯಾಯದ ವಿಷಯವಾಗುವುದು ಇಲ್ಲಿಂದಲೇ.

ಈ ಕೆಲಸಕ್ಕೆ ಕನ್ನಡದಲ್ಲಿರುವ ಮಾತನ್ನೇ ನೋಡಿ: ಮುಸುರೆ ತಿಕ್ಕುವುದು. ಮುಸುರೆ ಬರೀ ಕೊಳೆಯಲ್ಲ. ಬೆಂದ ಅನ್ನ ಸೋಕಿದ್ದು, ಹಾಗಾಗಿ ಮಡಿಗೆ ಸಲ್ಲದ್ದು ಎಂಬ ಅರ್ಥವೂ ಅದರೊಳಗೆ ಕೂತಿದೆ. ಮನುಸ್ಮೃತಿಯ ಐದನೆಯ ಅಧ್ಯಾಯ ಯಾವ ಪಾತ್ರೆ ಯಾವುದರಿಂದ ಶುದ್ಧವಾಗುತ್ತದೆ ಎಂದು ಪಟ್ಟಿ ಮಾಡುತ್ತದೆ. ತಾಮ್ರ, ಹಿತ್ತಾಳೆ, ಕಬ್ಬಿಣದಂಥವಕ್ಕೆ ಕ್ಷಾರ, ಹುಳಿ ಮತ್ತು ನೀರು. ಮಣ್ಣಿನದಾದರೆ ಮತ್ತೆ ಸುಡಬೇಕು. ತಿಕ್ಕುವವರು ಯಾರು ಎಂಬುದಕ್ಕೆ ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಉತ್ತರವೂ ಇದೆ: ಪಾತ್ರೆಪರಡಿಯನ್ನು ಚೊಕ್ಕಟವಾಗಿಡುವುದು ಹೆಂಡತಿಯ ಕರ್ತವ್ಯ. ಆಮೇಲೆ ಅನುಕೂಲವಿದ್ದ ಮನೆಗಳಲ್ಲಿ ಈ ಕರ್ತವ್ಯ ಹಿತ್ತಿಲಿಗೆ, ಕೆಲಸದವಳ ಕೈಗೆ ದಾಟಿತು. ಅವಳು ಹೊರಗೆ ತಿಕ್ಕಿ ಬೋರಲು ಹಾಕಿದ ಪಾತ್ರೆಗಳ ಮೇಲೆ ಒಳಗಿನವರು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಪಾತ್ರೆಯನ್ನು ಶುದ್ಧ ಮಾಡಿದ ಕೈಯೇ ಅಶುದ್ಧ ಎಂದುಕೊಳ್ಳುವ ಈ ವಿಚಿತ್ರ ತರ್ಕ ನಮಗೆ ಒಂದು ಅಭ್ಯಾಸ ಕಲಿಸಿಕೊಟ್ಟಿದೆ. ಪಾತ್ರೆಯ ಬಗ್ಗೆ ಯೋಚಿಸುವಾಗ ಆ ಕೈಯನ್ನು ಲೆಕ್ಕದಿಂದ ಬಿಟ್ಟುಬಿಡುವ ಅಭ್ಯಾಸ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ದಿನಕ್ಕೆ ನಾಲ್ಕು ಮನೆ ಮಾಡುತ್ತಾರೆ. ಒಮ್ಮೆ ಮಾತಿಗೆ ಮಾತು ಬಂದು ಹೇಳಿದರು: “ಆ ಮೂರನೇ ಮನೇಲಿ ಹಾಲಿನ ಪಾತ್ರೆ ದಿನಾ ಕರಕಲು ಅಣ್ಣ. ತಳ ಕಾಗದದ ಹಂಗೈತೆ. ಒಂದು ಹೊಸದು ತಗೊಳ್ಳಿ ಅಕ್ಕ ಅಂದ್ರೆ, ಚೆನ್ನಾಗೇ ಇದ್ಯಲ್ಲ, ತೂತೇನೂ ಬಿದ್ದಿಲ್ಲ ಅಂತಾರೆ.”

ಬಾಳಿಕೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲೆಲ್ಲ ಇದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆ ಮನೆಯವರ ಮಾತು ಸುಳ್ಳಲ್ಲ. ತೂತು ಬಿದ್ದಿಲ್ಲ, ಇನ್ನೂ ಇಪ್ಪತ್ತು ವರ್ಷ ಬೀಳುವುದೂ ಇಲ್ಲ. ಆದರೆ ಆ ಪಾತ್ರೆ ಏಕೆ ದಿನವೂ ತಳ ಹಿಡಿಯುತ್ತದೆ ಎಂಬುದಕ್ಕೆ ಕಾರಣ ಹಾಲಿನಲ್ಲೂ ಇಲ್ಲ, ಕಾಯಿಸುವವರ ಮರೆವಿನಲ್ಲೂ ಪೂರ್ತಿ ಇಲ್ಲ. ಸ್ಟೀಲು ಶಾಖವನ್ನು ಹರಡುವುದರಲ್ಲಿ ಬಹಳ ನಿಧಾನಿ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಡುತ್ತದೆ, ತಾಮ್ರ ಇನ್ನೂ ಚೆನ್ನಾಗಿ. ತೆಳು ಸ್ಟೀಲಿನ ತಳದಲ್ಲಿ ಉರಿ ತಾಕಿದ ಜಾಗ ಮಾತ್ರ ಕೆಂಡವಾಗುತ್ತದೆ, ಪಕ್ಕದ ಜಾಗ ಸುಮ್ಮನಿರುತ್ತದೆ. ಅದಕ್ಕೇ ಸೀದ ಕಲೆ ಒಲೆಯ ಬರ್ನರಿನ ಆಕಾರದಲ್ಲೇ ಬಳೆಯಂತೆ ಮೂಡುತ್ತದೆ. ಎರಡು ಪದರ ಸ್ಟೀಲಿನ ನಡುವೆ ಅಲ್ಯೂಮಿನಿಯಂ ಇಟ್ಟು ಮಾಡಿದ ದಪ್ಪ ತಳದ ಪಾತ್ರೆ ಈ ತೊಂದರೆಯನ್ನು ಬಹುಪಾಲು ತಪ್ಪಿಸುತ್ತದೆ. ಬೆಲೆ ಜಾಸ್ತಿ, ನಿಜ. ತೆಳು ಪಾತ್ರೆ ಕೊಂಡವರು ಆ ಹೆಚ್ಚಿನ ಬೆಲೆಯನ್ನು ಉಳಿಸಿದೆವು ಅಂದುಕೊಳ್ಳುತ್ತಾರೆ. ನನಗೆ ಕಾಣುವಂತೆ ಅದು ಉಳಿದಿಲ್ಲ, ಕಂತು ಕಂತಾಗಿ ಪಾವತಿಯಾಗುತ್ತಿದೆ. ಪ್ರತಿ ದಿನ ಹತ್ತು ನಿಮಿಷ, ಸ್ಟೀಲ್ ನಾರಿನಿಂದ ಸವೆದ ಉಗುರು, ಸೋಪಿನ ಪುಡಿಗೆ ಬಿರಿದ ಚರ್ಮ. ಪಾವತಿ ಮಾಡುತ್ತಿರುವವರು ಅದನ್ನು ಕೊಂಡವರಲ್ಲ, ಅಷ್ಟೇ.

ಇದಕ್ಕೆ ಎದುರಾಗಿ, ಹಳೆಯ ಕಾಲದ ಪಾತ್ರೆಗಳೇ ಚೆನ್ನ ಎಂಬ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಹಿತ್ತಾಳೆ, ಕಂಚು, ಕಬ್ಬಿಣ ಮತ್ತೆ ಅಂಗಡಿಯ ಮುಂದಿನ ಸಾಲಿಗೆ ಬಂದಿವೆ. ನಾನು ಆ ಪಾತ್ರೆಗಳ ನಡುವೆಯೇ ಬೆಳೆದವನು. ಹಿತ್ತಾಳೆ ಕೊಳಗದ ಚೆಲುವನ್ನು ಅಲ್ಲಗಳೆಯಲಾರೆ. ಆದರೆ ಅದರ ಬಾಳಿಕೆ ತಾನಾಗಿ ಬಂದದ್ದಲ್ಲ. ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಏಳುತ್ತದೆ. ಅದಕ್ಕಾಗಿ ಒಳಗೆ ಕಲಾಯಿ ಬೇಕು. ಕಲಾಯಿಯವನು ಬೀದಿ ಬದಿಯಲ್ಲಿ ತಿದಿಯೊತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿದಾಗ ಏಳುತ್ತಿದ್ದ ಬಿಳಿ ಹೊಗೆಯಲ್ಲೇ ಮುಖವಿಟ್ಟು, ತವರವನ್ನು ಹತ್ತಿಯಿಂದ ಒಳಗೆಲ್ಲ ಉಜ್ಜುತ್ತಿದ್ದ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹ. ಬರಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಕಲಾಯಿ ಹೋಯಿತು. ಹೋಗದಿದ್ದರೂ ದಿನದ ತಿಕ್ಕಾಟದಲ್ಲಿ ಸವೆಯುತ್ತದೆ, ಮತ್ತೆ ಹಾಕಿಸಬೇಕು. ಹೊರಮೈ ಹೊಳೆಯಲು ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಅವುಗಳ ಹಿಂದೆ ಒಂದು ರಟ್ಟೆ. ಸೌದೆ ಒಲೆಯ ಮಸಿ ಹಿಡಿಯಬಾರದೆಂದು ಪಾತ್ರೆಯ ಹೊರಗೆ ಮೊದಲೇ ಮಣ್ಣು ಬಳಿಯುತ್ತಿದ್ದ ಹೆಂಗಸರಿಗೆ ಗೊತ್ತಿತ್ತು, ತಿಕ್ಕುವ ಕೆಲಸ ಅಡುಗೆಗೆ ಮೊದಲೇ ಶುರುವಾಗುತ್ತದೆಂದು.

ನನ್ನ ಅಮ್ಮ ಆ ಪಾತ್ರೆಗಳಲ್ಲಿ ಬಹುಪಾಲನ್ನು ತೂಕಕ್ಕೆ ಹಾಕಿ ಸ್ಟೀಲು ತಂದಾಗ ನಾನು ಚಿಕ್ಕವನು. ಅಂಗಡಿಯಲ್ಲೇ ಪ್ರತಿಯೊಂದರ ಮೇಲೂ ಅವಳ ಹೆಸರು, ತಾರೀಕು ಕೊರೆಸಿದ್ದಳು. ನೆಂಟರಿಷ್ಟರು ಇಂದಿಗೂ ಆ ವಿಷಯ ಬಂದರೆ ಲೊಚಗುಟ್ಟುತ್ತಾರೆ: ಎಂಥ ಪಾತ್ರೆಗಳು, ಈಗ ಇದ್ದಿದ್ದರೆ! ಅಮ್ಮ ವಾದ ಮಾಡುವುದಿಲ್ಲ. “ಇದ್ದಿದ್ರೆ ನೀವು ಬಂದು ಬೆಳಗ್ತಿದ್ರಾ?” ಅನ್ನುತ್ತಾಳೆ. ಪರಂಪರೆ ಉಳಿಯಬೇಕು ಎನ್ನುವ ಎಲ್ಲ ಮಾತಿಗೂ ಹಾಕಿನೋಡಬಹುದಾದ ಒರೆಗಲ್ಲು ಈ ಪ್ರಶ್ನೆ. ಉಳಿಯಬೇಕು ಎಂದು ಬಯಸುವವರು ಉಳಿಸುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತಾರೆಯೇ?

ಅಮ್ಮನ ಕಾಲದ ಹೆಂಗಸರಿಗೆ ಸ್ಟೀಲು ಕೊಟ್ಟದ್ದು ಏನೆಂಬುದು ಆ ಲೋಹದ ಗುಣ ನೋಡಿದರೆ ತಿಳಿಯುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆಂದು ಸವೆಯದ ಉಕ್ಕು ಹುಡುಕುತ್ತಿದ್ದಾಗ ತುಕ್ಕು ಹಿಡಿಯದ ಉಕ್ಕು ಸಿಕ್ಕಿತು. ಇಂದು ಒಳ್ಳೆಯ ಅಡುಗೆ ಪಾತ್ರೆಗಳಿಗೆ ಬಳಸುವ ಸ್ಟೀಲಿನಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ. ಗೀರಿದರೆ ಆ ಪೊರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಅಂದರೆ ಕಲಾಯಿಯವನಿಗಾಗಿ ಕಾಯಬೇಕಾಗಿಲ್ಲ, ಹುಳಿಗೆ ಹೆದರಬೇಕಾಗಿಲ್ಲ, ಹಬ್ಬದ ಹಿಂದಿನ ದಿನ ಬೆನ್ನು ಮುರಿಯುವಂತೆ ಬೆಳಗಬೇಕಾಗಿಲ್ಲ. ಕಲಾಯಿಯವನ ಕಸುಬು ಹೋಯಿತು, ಅದು ಸಣ್ಣ ನಷ್ಟವಲ್ಲ. ಹಾಗೆಂದು ಒಬ್ಬನ ಕಸುಬು ಉಳಿಯಲೆಂದು ಇನ್ನೊಬ್ಬಳು ತಿಕ್ಕುತ್ತಲೇ ಇರಬೇಕು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ತಿಕ್ಕುವ ಕೆಲಸವನ್ನೇ ಇಲ್ಲವಾಗಿಸುವ ಪಾತ್ರೆ ಎಲ್ಲಕ್ಕಿಂತ ನ್ಯಾಯವಾದದ್ದೇ? ನಾನ್‌ಸ್ಟಿಕ್ ಬಂದದ್ದು ಈ ಭರವಸೆಯೊಂದಿಗೆ. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್‌ಗೆ ಪ್ರಯೋಗಾಲಯದಲ್ಲಿ ಅಚಾನಕ್ಕಾಗಿ ಸಿಕ್ಕ ಬಿಳಿ ಪುಡಿ ಮುಂದೆ ಟೆಫ್ಲಾನ್ ಎಂದು ಹೆಸರಾಯಿತು. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಅಲ್ಯೂಮಿನಿಯಂ ಬಾಣಲೆಗೆ ಹಿಡಿಸುವ ದಾರಿ ಕಂಡುಕೊಂಡರು. ಏನೂ ಅಂಟದ, ಒರೆಸಿದರೆ ಸಾಕೆನ್ನುವ ತವಾ ಮನೆ ಮನೆಗೂ ಬಂತು. ಆದರೆ ಆ ಲೇಪ ತಯಾರಿಸಲು ದಶಕಗಳ ಕಾಲ ಬಳಸಿದ ಪಿಎಫ್‌ಒಎ ಎಂಬ ರಾಸಾಯನಿಕ ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಿಂದ ಓಹಾಯೋ ನದಿಗೂ ಸುತ್ತಲಿನ ಊರುಗಳ ಕುಡಿಯುವ ನೀರಿಗೂ ಸೇರಿತು. ಅಲ್ಲಿನ ಜನರನ್ನು ಪರೀಕ್ಷಿಸಿದ ವಿಜ್ಞಾನಿಗಳ ಸಮಿತಿ, ಮೂತ್ರಪಿಂಡದ ಕ್ಯಾನ್ಸರ್ ಮತ್ತು ಥೈರಾಯ್ಡ್ ತೊಂದರೆ ಸೇರಿದಂತೆ ಆರು ಕಾಯಿಲೆಗಳಿಗೆ ಅದರೊಡನೆ ಸಂಬಂಧವಿರುವ ಸಾಧ್ಯತೆ ಹೆಚ್ಚು ಎಂದಿತು. ಸುಮಾರು 3,550 ದಾವೆಗಳು 2017ರಲ್ಲಿ 67 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರದೊಂದಿಗೆ ಇತ್ಯರ್ಥವಾದವು. 2019ರಲ್ಲಿ ಆ ರಾಸಾಯನಿಕ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತವಾದ ಮೇಲೆ ದೋಸೆ ಹುಯ್ದವರಿಗೆ ಆ ರಾಸಾಯನಿಕದಿಂದ ಹೆಚ್ಚಿನ ಅಪಾಯವಿರಲಿಲ್ಲ, ಲೇಪವನ್ನು ಕಾಯಿಸಿ ಕೂರಿಸುವಾಗಲೇ ಅದು ಬಹುಪಾಲು ಹೋಗಿಬಿಡುತ್ತಿತ್ತು. ಅಪಾಯಕ್ಕೆ ಸಿಕ್ಕವರು ಕಾರ್ಖಾನೆಯ ಕೆಲಸಗಾರರು ಮತ್ತು ನದಿಯ ನೀರು ಕುಡಿದವರು. ಅಡುಗೆಮನೆಯಿಂದ ಹೊರಗೆ ಹೋದ ಕಷ್ಟ ಕರಗಿಹೋಗಿರಲಿಲ್ಲ, ದೂರದ ಊರೊಂದರಲ್ಲಿ ಹೋಗಿ ಕೂತಿತ್ತು. ಈಗಿನ ತವಾಗಳು ಪಿಎಫ್‌ಒಎ ಇಲ್ಲದೆ ತಯಾರಾಗುತ್ತವೆ ಎಂಬುದು ಸಮಾಧಾನದ ಸಂಗತಿ. ಆದರೂ ಸುಮಾರು 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರುವಾಗುತ್ತದೆ, ಸ್ಟೀಲ್ ಸೌಟು ತಾಗಿದರೆ ಗೀರು ಬೀಳುತ್ತದೆ. ಕೆಲವು ವರ್ಷಗಳಲ್ಲಿ ಅದು ಕಸ. ಸುಲಭ ಮತ್ತು ಬಾಳಿಕೆ ಒಟ್ಟಿಗೆ ಸಿಗುತ್ತವೆ ಎಂಬ ಅಂಗಡಿಯವನ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ನಾನ್‌ಸ್ಟಿಕ್ ಕೊಂಡವರೆಲ್ಲ ತಪ್ಪಿತಸ್ಥರೆಂದು ನಾನು ಹೇಳುತ್ತಿಲ್ಲ. ಎಪ್ಪತ್ತು ದಾಟಿದ ನನ್ನ ದೊಡ್ಡಮ್ಮ ಒಬ್ಬರೇ ಇರುತ್ತಾರೆ, ಮಣಿಕಟ್ಟಿನ ನೋವು. ಎರಡು ಕಿಲೋಗೂ ಮೀರಿದ ಬೀಡು ಕಬ್ಬಿಣದ ಕಾವಲಿ ಆರೋಗ್ಯಕ್ಕೆ ಒಳ್ಳೆಯದು ಎಂದು ಅವರ ಕೈಗೆ ಕೊಡುವುದರಲ್ಲಿ ಯಾವ ಧರ್ಮವಿದೆ? ಅವರ ಹಗುರ ತವಾ ಅವರಿಗೆ ಸರಿಯಾದದ್ದೇ. ಇನ್ನು ಕಬ್ಬಿಣ ಅಂದರೆ ಕಷ್ಟವೇ ಎಂಬುದೂ ನಿಜವಲ್ಲ. ಪಳಗಿದ ಕಾವಲಿಯ ಮೈಮೇಲೆ ಎಣ್ಣೆ ಕಾದು ಕಾದು ಗಟ್ಟಿಯಾದ ಕಪ್ಪು ಪದರ ಇರುತ್ತದೆ, ದೋಸೆ ಸಲೀಸಾಗಿ ಏಳುತ್ತದೆ. ತೊಳೆಯುವುದೆಂದರೆ ಬಿಸಿನೀರಲ್ಲಿ ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಸವರುವುದು. ಕಷ್ಟ ಶುರುವಾಗುವುದು ಅದರಲ್ಲಿ ಹುಳಿ ಕುದಿಸಿದಾಗ, ಅಥವಾ ನೀರಲ್ಲಿ ನೆನೆಯಲು ಬಿಟ್ಟಾಗ. ನಮ್ಮ ಮನೆಯಲ್ಲಿ ಕಾವಲಿಯನ್ನು ಸಿಂಕಿಗೆ ಹಾಕುವುದಿಲ್ಲ. ದೋಸೆ ಹುಯ್ದವರೇ ಒರೆಸಿಡುತ್ತಾರೆ. ಅದರ ಆರೈಕೆ ಗೊತ್ತಿರುವವರೇ ಅದರ ಜವಾಬ್ದಾರಿ ಹೊರುವುದು ಸರಿ ಎಂಬುದು ನಮ್ಮ ಲೆಕ್ಕ.

ದುಡಿಮೆಯಲ್ಲಿ ಒಂದು ಘನತೆ ಇದೆ, ವಸ್ತುವನ್ನು ಬೆಳಗುತ್ತಾ ಅದರೊಡನೆ ಸಂಬಂಧ ಬೆಳೆಯುತ್ತದೆ, ಎಲ್ಲವೂ ಸಲೀಸಾದರೆ ನಾವು ಯಾವುದಕ್ಕೂ ಅಂಟಿಕೊಳ್ಳದವರಾಗುತ್ತೇವೆ ಎಂದು ಒಬ್ಬ ಗೆಳೆಯ ವಾದಿಸಿದ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕಾವಲಿಗೆ ಎಣ್ಣೆ ಸವರುವಾಗ ನನಗೂ ಅಂಥದ್ದೊಂದು ಸುಖ ಸಿಗುತ್ತದೆ. ಆದರೆ ಆ ಸುಖ ನಾನೇ ಆರಿಸಿಕೊಂಡದ್ದು. ಬೇಡವೆನಿಸಿದ ದಿನ ಬಿಡಬಹುದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಆ ಕೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ, ಮಾಡುವವರ ಸಂಖ್ಯೆಯೂ ಕಡಿಮೆ. ಕೂಲಿ ಪಡೆದು ಮಾಡುವವರ ಕಥೆ ಬೇರೆ. ಕರ್ನಾಟಕದಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಯಾದದ್ದು 2004ರಲ್ಲಿ. ಆದರೆ ಯಾವ ವೇತನದ ಪಟ್ಟಿಯೂ ಪಾತ್ರೆಯ ತಳ ದಪ್ಪವೋ ತೆಳುವೋ ಎಂದು ನೋಡಲಾರದು. ಅದನ್ನು ನೋಡಬಲ್ಲವರು ಕೊಳ್ಳುವವರು ಮಾತ್ರ.

ಅದಕ್ಕೇ ಪಾತ್ರೆ ಕೊಳ್ಳುವಾಗ ನಾನು ಇಟ್ಟುಕೊಂಡಿರುವ ಕಟ್ಟಳೆ ಲೋಹದ ಬಗ್ಗೆ ಅಲ್ಲ. ಈ ರಾತ್ರಿ, ಊಟವಾಗಿ ನಿದ್ದೆ ಎಳೆಯುತ್ತಿರುವಾಗ, ಇದನ್ನು ನಾನೇ ತಿಕ್ಕಬೇಕಾಗಿ ಬಂದರೆ ಇದನ್ನೇ ಕೊಳ್ಳುತ್ತೇನೆಯೇ? ಈ ಪ್ರಶ್ನೆ ಹಾಕಿಕೊಂಡರೆ ಬೆರಳು ತೂರದ ಸಂದಿಗಳಿರುವ, ಅಂಚು ಒಳಕ್ಕೆ ಮಡಚಿದ, ಹಿಡಿಯ ಬುಡದಲ್ಲಿ ಜಿಡ್ಡು ಸೇರುವ ಎಷ್ಟೋ ಚಂದದ ಪಾತ್ರೆಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಹಾಲಿಗೆ, ಸಾರಿಗೆ, ಪಲ್ಯಕ್ಕೆ ದಪ್ಪ ತಳದ ಸ್ಟೀಲು, ದೋಸೆಗೊಂದು ಕಬ್ಬಿಣದ ಕಾವಲಿ, ಅನ್ನಕ್ಕೆ ಕುಕ್ಕರು. ದಿನನಿತ್ಯದ ಅಡುಗೆಗೆ ಇಷ್ಟು ಸಾಕು ಎಂಬಲ್ಲಿಗೆ ನಾನು ಬಂದಿದ್ದೇನೆ. ನೀವು ಬೇರೆ ಕಡೆ ಹೋಗಿ ನಿಲ್ಲಬಹುದು, ಪ್ರಶ್ನೆ ಅದೇ ಇದ್ದರಾಯಿತು.

ಹೊಸ ಪಾತ್ರೆ ಕೊಳ್ಳುವ ದುಡ್ಡು ಸದ್ಯಕ್ಕೆ ಇಲ್ಲದವರೂ ಮಾಡಬಹುದಾದ ಕೆಲಸ ಒಂದಿದೆ. ಅನ್ನದ ಗಂಜಿ, ಹಾಲಿನ ಕೆನೆ, ರಾಗಿ ಹಿಟ್ಟು ಇವೆಲ್ಲ ಹಸಿಯಿರುವಾಗ ಕೈಯಲ್ಲೇ ಬಿಡುತ್ತವೆ, ಒಣಗಿದರೆ ಗಾರೆಯಾಗುತ್ತವೆ. ಊಟ ಮುಗಿಸಿ ಎದ್ದವರು ಖಾಲಿಯಾದ ಪಾತ್ರೆಗೆ ಒಂದು ಚೊಂಬು ನೀರು ಹಾಕಿಟ್ಟು ಹೋದರೆ ಬೆಳಿಗ್ಗೆ ತಿಕ್ಕುವವರ ಕೆಲಸ ಅರ್ಧ ಆಗಿರುತ್ತದೆ.